ಕತ್ತಲೆಗೊಂದು ವೇಳಾಪಟ್ಟಿ

ವಿದ್ಯುತ್ ಕಡಿತವೆಂಬುದು ನಮ್ಮ ತಲೆಮಾರಿನವರಿಗೆ ಹೊಸ ಸಂಗತಿಯೇನೂ ಅಲ್ಲ. ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿ, ಆ ವರ್ಷದ ಬೇಸಿಗೆಯಲ್ಲಿ ಎಷ್ಟು ಹೊತ್ತು ದೀಪವಿಲ್ಲದೆ ಕೂರಬೇಕಾದೀತೆಂದು ಲೆಕ್ಕ ಹಾಕುತ್ತಿದ್ದವರು ನಾವು. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಲಾಂದ್ರದ ಬೆಳಕಿನಲ್ಲಿ ವಿಶೇಷ ತರಗತಿ ನಡೆಸಿದ್ದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಆದರೆ ಸ್ವಂತ ಊರಿನ ಕತ್ತಲೆಯೇ ಬೇರೆ, ಪರದೇಶದ ಕತ್ತಲೆಯೇ ಬೇರೆ. ಊರಿನಲ್ಲಿ ದೀಪ ಹೋದರೆ ಮೇಣದಬತ್ತಿ ಎಲ್ಲಿದೆಯೆಂದು ಕೈಗೆ ಗೊತ್ತಿರುತ್ತದೆ. ಲೈನ್‌ಮನ್ ಮನೆ ಎಲ್ಲಿದೆಯೆಂದು ಕಾಲಿಗೆ ಗೊತ್ತಿರುತ್ತದೆ. ಪರದೇಶದಲ್ಲಿ ಇವೆರಡೂ ಗೊತ್ತಿರುವುದಿಲ್ಲ. ಈ ವ್ಯತ್ಯಾಸದ ಅರಿವು ನನಗಾದದ್ದು 2023ರಲ್ಲಿ, ಮೇ ತಿಂಗಳಿನಿಂದ ಜುಲೈವರೆಗೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದಲ್ಲಿ ಮಗಳ ಮನೆಯಲ್ಲಿದ್ದಾಗ.

ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ 1700 ಮೀಟರಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಮೇಲಿದೆ. ನಮಗೆ ಮುಂಗಾರು ಹಿಡಿಯುವ ಜೂನ್ ತಿಂಗಳು ಅಲ್ಲಿ ಕಡುಚಳಿಯ ಕಾಲ. ಹಗಲು ತಿಳಿಬಿಸಿಲು, ರಾತ್ರಿ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸು. 1886ರಲ್ಲಿ ಚಿನ್ನ ಸಿಕ್ಕಿತೆಂದು ಹುಟ್ಟಿಕೊಂಡ ನಗರವದು. ಆ ದೇಶದ ನೆಲದಲ್ಲಿ ಕಲ್ಲಿದ್ದಲಿಗೂ ಬರವಿಲ್ಲ. ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 80ರಷ್ಟು ಹುಟ್ಟುವುದು ಕಲ್ಲಿದ್ದಲಿನಿಂದಲೇ. ಹಾಗಿದ್ದೂ ಕತ್ತಲೆ. ದೀಪದ ಬುಡದಲ್ಲೇ ಕತ್ತಲೆಯೆಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ದೊರೆತಿಲ್ಲ.

ಇದು ಒಂದು ದಿನದಲ್ಲಿ ಬಂದ ಕಷ್ಟವಲ್ಲ. ಹೊಸ ಸ್ಥಾವರಗಳನ್ನು ಕಟ್ಟದಿದ್ದರೆ 2007ರ ಹೊತ್ತಿಗೆ ಬೇಡಿಕೆಯು ಉತ್ಪಾದನೆಯನ್ನು ಮೀರುತ್ತದೆಂದು ಅಲ್ಲಿನ ಸರ್ಕಾರದ ಇಂಧನ ನೀತಿಯ ಶ್ವೇತಪತ್ರವೇ 1998ರಲ್ಲಿ ಎಚ್ಚರಿಸಿತ್ತು. ಭವಿಷ್ಯ ನುಡಿದಂತೆಯೇ ಆಯಿತು. 2007ರ ಕೊನೆಯಲ್ಲಿ ಕಡಿತ ಆರಂಭವಾಯಿತು. 2008ರ ಜನವರಿಯಲ್ಲಿ ಚಿನ್ನದ ಗಣಿಗಳೇ ಕೆಲವು ದಿನ ಕೆಲಸ ನಿಲ್ಲಿಸಬೇಕಾಯಿತು. ಎಚ್ಚರಿಕೆಗೆ ಕಿವಿಗೊಡದೆ ಸರ್ಕಾರ ತಪ್ಪಿತೆಂದು ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಬಹಿರಂಗವಾಗಿ ಒಪ್ಪಿಕೊಂಡರು. ಅನಂತರ ಮೆಡುಪಿ ಮತ್ತು ಕುಸಿಲೆ ಎಂಬ ಎರಡು ಬೃಹತ್ ಸ್ಥಾವರಗಳ ಕೆಲಸ ನಡೆಯಿತಾದರೂ ಅವು ವರ್ಷಗಟ್ಟಲೆ ತಡವಾದವು. ಹಳೆಯ ಸ್ಥಾವರಗಳು ಮೇಲಿಂದ ಮೇಲೆ ಕೆಟ್ಟು ಕೂತವು. ನಾವು ಹೋದ 2023ನೆಯ ವರ್ಷ ಎಲ್ಲಕ್ಕಿಂತ ಕೆಟ್ಟದ್ದು. ಆ ವರ್ಷ ಮುನ್ನೂರಕ್ಕೂ ಹೆಚ್ಚು ದಿನ ವಿದ್ಯುತ್ ಕಡಿತವಿತ್ತು. ಫೆಬ್ರವರಿ 9ರಂದು ಅಧ್ಯಕ್ಷ ಸಿರಿಲ್ ರಾಮಫೋಸಾ ರಾಷ್ಟ್ರೀಯ ವಿಪತ್ತಿನ ಸ್ಥಿತಿಯನ್ನೇ ಘೋಷಿಸಿದರು. ಮಾರ್ಚಿಯಲ್ಲಿ ವಿದ್ಯುತ್ತಿಗೆಂದೇ ಪ್ರತ್ಯೇಕ ಸಚಿವರ ನೇಮಕವಾಯಿತು.

ಭೌತಶಾಸ್ತ್ರದ ಮೇಷ್ಟ್ರಾದ್ದರಿಂದ ಇಲ್ಲೊಂದು ಸಣ್ಣ ಪಾಠ ಹೇಳಿಯೇ ಮುಂದುವರಿಯುತ್ತೇನೆ. ವಿದ್ಯುತ್ತನ್ನು ಕಣಜದಲ್ಲಿ ರಾಗಿ ತುಂಬಿಟ್ಟಂತೆ ಭಾರೀ ಪ್ರಮಾಣದಲ್ಲಿ ಕೂಡಿಡುವುದು ಸುಲಭವಲ್ಲ. ಆಯಾ ಕ್ಷಣದ ಬಳಕೆಗೆ ಸರಿಯಾಗಿ ಆಯಾ ಕ್ಷಣವೇ ಉತ್ಪಾದನೆಯಾಗಬೇಕು. ಬಳಕೆ ಹೆಚ್ಚಾದರೆ ಜನರೇಟರುಗಳ ವೇಗ ಕುಗ್ಗಿ, ಜಾಲದ 50 ಹರ್ಟ್ಸ್ ಆವರ್ತನ ಇಳಿಯತೊಡಗುತ್ತದೆ. ಮಿತಿ ಮೀರಿ ಇಳಿದರೆ ಸ್ಥಾವರಗಳು ತಮ್ಮ ರಕ್ಷಣೆಗಾಗಿ ಒಂದರ ಹಿಂದೊಂದು ಕಳಚಿಕೊಂಡು ಇಡೀ ದೇಶ ಕತ್ತಲಾಗುತ್ತದೆ. ಹಾಗಾಗದಿರಲೆಂದು ಸರದಿಯ ಪ್ರಕಾರ ಒಂದೊಂದು ಪ್ರದೇಶದ ಹೊರೆಯನ್ನು ಇಳಿಸುತ್ತಾರೆ. ಇದೇ ಲೋಡ್ ಶೆಡ್ಡಿಂಗ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿನ ವಿದ್ಯುತ್ ರೂಪವಿದು.

ಆ ಹೊರೆ ಇಳಿಸುವಿಕೆಗೆ ಅಲ್ಲಿ ಹಂತಗಳಿವೆ. ಒಂದು ಹಂತಕ್ಕೆ ಸುಮಾರು 1000 ಮೆಗಾವಾಟ್ ಕಡಿತ. ನಮ್ಮ ಶರಾವತಿ ವಿದ್ಯುದಾಗಾರದ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಆದ್ದರಿಂದ ಆರನೆಯ ಹಂತವೆಂದರೆ ಆರು ಶರಾವತಿಗಳು ಒಮ್ಮೆಗೇ ನಿಂತುಹೋದಂತೆ. ನಾವಿದ್ದಾಗ ಆರನೆಯ ಹಂತ ಅಪರೂಪವಾಗಿರಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ಬೆಳಿಗ್ಗೆ ಎದ್ದೊಡನೆ ಅಮ್ಮನ ಮೊಬೈಲು ನೋಡಿ, "ತಾತ, ಇವತ್ತು ಆರು" ಎಂದು ಹವಾಮಾನ ವರದಿ ಓದಿದಂತೆ ಹೇಳುತ್ತಿದ್ದಳು.

ಒಂದು ವಾರದೊಳಗೆ ನಾವೂ ಆ ಲೆಕ್ಕಕ್ಕೆ ಹೊಂದಿಕೊಂಡೆವು. ಯಾವ ಬಡಾವಣೆಗೆ ಯಾವ ಹೊತ್ತಿನಲ್ಲಿ ಕಡಿತವೆಂಬ ವೇಳಾಪಟ್ಟಿ ಮೊಬೈಲಿನಲ್ಲಿ ಬರುತ್ತಿತ್ತು. ನಾನು ಅದನ್ನು ಹಾಳೆಯ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಕುಕ್ಕರು ಕೂಗಿಸುವುದು, ದೋಸೆಗೆ ರುಬ್ಬುವುದು, ಬಿಸಿನೀರನ್ನು ಫ್ಲಾಸ್ಕಿಗೆ ತುಂಬುವುದು, ಮೊಬೈಲು ಚಾರ್ಜು ಮಾಡುವುದು ಎಲ್ಲವೂ ಹಾಳೆಯ ಪ್ರಕಾರ. ಅಲ್ಲಿನ ಮನೆಯ ದೊಡ್ಡ ಗೇಟು ವಿದ್ಯುತ್ತಿನಿಂದಲೇ ತೆರೆದುಕೊಳ್ಳುವಂಥದು. ಅದನ್ನು ಕೈಯಿಂದ ತೆರೆಯುವ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆವು. ರಸ್ತೆಯ ಸಂಚಾರದೀಪಗಳೂ ಆರುತ್ತಿದ್ದವು. ಅಲ್ಲಿಯವರು ಅವನ್ನು ರೋಬಾಟ್ ಎಂದು ಕರೆಯುತ್ತಾರೆ. ಆಗ ನಾಲ್ಕೂ ದಿಕ್ಕಿನ ವಾಹನಗಳು ನಿಂತು, ಮೊದಲು ಬಂದವರು ಮೊದಲು ಎಂಬ ನಿಯಮದಂತೆ ಒಂದೊಂದಾಗಿ ದಾಟುವುದನ್ನು ನಾನು ಮೆಚ್ಚಿ ನೋಡಿದ್ದೇನೆ.

ಮೂವತ್ತಮೂರು ವರ್ಷ ಶಾಲೆಯ ಗಂಟೆಗೆ ತಕ್ಕಂತೆ ಬದುಕಿದವನಿಗೆ ವೇಳಾಪಟ್ಟಿಯ ಕತ್ತಲೆ ಕಷ್ಟವೇನಲ್ಲ. ಇಷ್ಟು ಹೊತ್ತಿಗೆ ಹೋಗುತ್ತದೆ, ಇಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಿದ್ದರೆ ಅದೂ ಒಂದು ಪೀರಿಯಡ್ಡಿನಂತೆ ಕಳೆದುಹೋಗುತ್ತದೆ. ಕಷ್ಟವಿದ್ದದ್ದು ಪಟ್ಟಿ ತಪ್ಪಿದಾಗ. ಎಲ್ಲೋ ಒಂದು ಸ್ಥಾವರ ಕೆಟ್ಟರೆ ನಾಲ್ಕನೆಯ ಹಂತ ಮಧ್ಯಾಹ್ನಕ್ಕೆ ಆರಾಗುತ್ತಿತ್ತು. ಗೋಡೆಯ ಹಾಳೆ ಹಳತಾಗುತ್ತಿತ್ತು. ಅದಕ್ಕಿಂತ ದೊಡ್ಡ ಆತಂಕ ಮತ್ತೊಂದಿತ್ತು. ಕಡಿತ ಮುಗಿದು ವಿದ್ಯುತ್ ಮರಳುವ ಕ್ಷಣದಲ್ಲಿ ಸಾವಿರಾರು ಮನೆಗಳ ಗೀಸರು, ಹೀಟರು, ಫ್ರಿಜ್ಜುಗಳು ಒಟ್ಟಿಗೇ ಎಳೆಯತೊಡಗುತ್ತವೆ. ಆ ಭಾರಕ್ಕೆ ಹಳೆಯ ಕೇಬಲ್ಲೋ ಟ್ರಾನ್ಸ್‌ಫಾರ್ಮರೋ ಸುಟ್ಟುಹೋದರೆ ಅನಂತರದ ಕತ್ತಲೆಗೆ ಯಾವ ಪಟ್ಟಿಯೂ ಇಲ್ಲ.

ಜೂನ್ ತಿಂಗಳ ಒಂದು ಗುರುವಾರ ಆದದ್ದು ಅದೇ. ರಾತ್ರಿ ಹತ್ತಕ್ಕೆ ಹೋದ ದೀಪ ಹನ್ನೆರಡೂವರೆಗೆ ಬರಬೇಕಿತ್ತು. ಹಿಂದಿನ ಬೀದಿಯಲ್ಲಿ ಬೆಳಕಾಯಿತು. ನಮ್ಮ ಬೀದಿಯಲ್ಲಿ ಆಗಲಿಲ್ಲ. ಅಳಿಯ ಕಚೇರಿಯ ಕೆಲಸದ ಮೇಲೆ ಕೇಪ್‌ಟೌನಿಗೆ ಹೋಗಿದ್ದ. ಬೆಳಗಿನ ಹೊತ್ತಿಗೆ ಸಮೀಪದ ಮೊಬೈಲು ಗೋಪುರದ ಬ್ಯಾಟರಿಯೂ ತೀರಿ, ದೂರವಾಣಿ ಸಂಪರ್ಕವೂ ನಿಂತಿತು.

ನಮ್ಮ ಚಿಂತೆಯೆಲ್ಲ ಫ್ರಿಜ್ಜಿನೊಳಗಿದ್ದ ಒಂದು ಸಣ್ಣ ಪೆಟ್ಟಿಗೆಯದು. ನನ್ನ ಹೆಂಡತಿ ಹದಿನಾಲ್ಕು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಮೂರು ತಿಂಗಳಿಗೆ ಬೇಕಾದಷ್ಟನ್ನು ಊರಿನಿಂದಲೇ ತಂದಿದ್ದೆವು. ಬಳಸಲು ತೆರೆದದ್ದು ಸಾಧಾರಣ ಕೋಣೆಯ ಉಷ್ಣಾಂಶದಲ್ಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ. ತೆರೆಯದ ದಾಸ್ತಾನು ಮಾತ್ರ 2ರಿಂದ 8 ಡಿಗ್ರಿಯಲ್ಲಿರಬೇಕು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ತಂಪನ್ನು ಹಿಡಿದಿಡುವುದು ನಾಲ್ಕು ಗಂಟೆಗಳಷ್ಟೇ. ಹೊರಗೆ ಚಳಿಯಿದೆಯಲ್ಲ, ವರಾಂಡದಲ್ಲಿಟ್ಟರೆ ಸಾಕೆಂದು ಮಗಳು ಹೇಳಿದಳು. ಆದರೆ ಇನ್ಸುಲಿನ್ನಿಗೆ ಬಿಸಿ ಹೇಗೋ ಹಾಗೆ ಹೆಪ್ಪುಗಟ್ಟುವುದೂ ವಿಷವೇ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಹೊರಗೆ ಹುಲ್ಲಿನ ಮೇಲೆ ಬಿಳಿಯ ಇಬ್ಬನಿಗಡ್ಡೆ ಕೂತಿತ್ತು.

ದಕ್ಷಿಣಾರ್ಧಗೋಳದಲ್ಲಿ ಸೂರ್ಯ ಉತ್ತರದ ಕಡೆಯಿಂದ ಬೆಳಗುತ್ತಾನೆ. ಬಿಸಿಲು ಬೀಳುವ ಕೋಣೆ ಉತ್ತರದ್ದು, ತಂಪು ಕೋಣೆ ದಕ್ಷಿಣದ್ದು. ಆದ್ದರಿಂದ ದಕ್ಷಿಣದ ಉಗ್ರಾಣದಲ್ಲಿ ಒಂದು ಮಣ್ಣಿನ ಹೂಕುಂಡವನ್ನು ತೊಳೆದಿಟ್ಟು, ಒದ್ದೆ ಬಟ್ಟೆ ಸುತ್ತಿ, ಒಳಗೆ ಒಣ ಡಬ್ಬಿಯಲ್ಲಿ ಔಷಧಿಯನ್ನಿರಿಸಿದೆವು. ಜೊತೆಗೆ ಮೊಮ್ಮಗಳ ಶಾಲೆಯ ಉಷ್ಣಮಾಪಕ. ಅದು 11 ಡಿಗ್ರಿ ತೋರಿಸುತ್ತಿತ್ತು. ಒಂದೆರಡು ದಿನಕ್ಕೆ ಚಿಂತೆಯಿಲ್ಲ. ಆದರೆ ಒಂದೆರಡು ದಿನವೇ ಎಂದು ಯಾರು ಹೇಳಬೇಕು? ನನ್ನವಳು ಏನೂ ಮಾತಾಡಲಿಲ್ಲ. ಗಂಟೆಗೊಮ್ಮೆ ಎದ್ದು ಟಾರ್ಚು ಹಿಡಿದು ಉಗ್ರಾಣಕ್ಕೆ ಹೋಗಿ ಬರುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ವೃದ್ಧೆ ಕಾಂಪೌಂಡಿನ ಆಚೆಯಿಂದ ಕರೆದರು. 1860ರಿಂದ ನಟಾಲ್ ಪ್ರಾಂತದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದ ತಮಿಳರ ವಂಶದವರು ಅವರು. ಅವರಿಗೆ ತಮಿಳು ಬಾರದು. ಸಂಜೆ ದೀಪ ಹಚ್ಚುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆವರೆಗೆ ನಮ್ಮ ಪರಿಚಯ ನಮಸ್ಕಾರದಷ್ಟೇ. ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮನೆಯಲ್ಲಿ ತಂಪಿನಲ್ಲಿಡುವ ಔಷಧಿ ಏನಾದರೂ ಇದೆಯೆ?" ಎಂಬುದು. ಅವರ ಮನೆಯ ಮೇಲೆ ಸೌರಫಲಕಗಳಿದ್ದವು, ಬ್ಯಾಟರಿಯಿತ್ತು. ದೀರ್ಘ ಕಡಿತವಾದಾಗಲೆಲ್ಲ ಬೀದಿಯ ಎಂಟು ಮನೆಗಳಿಗೂ ಹೋಗಿ ಈ ಪ್ರಶ್ನೆ ಕೇಳುವುದು ಅವರ ರೂಢಿಯಂತೆ. ಅವರ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಆಗಲೇ ಇನ್ನೊಂದು ಮನೆಯ ಮಗುವಿನ ಔಷಧಿಯ ಸೀಸೆಯಿತ್ತು. ನಮ್ಮ ಪೆಟ್ಟಿಗೆಯೂ ಅದರ ಪಕ್ಕ ಕೂತಿತು. ಅಂದು ಮಧ್ಯಾಹ್ನ ನನ್ನ ಹೆಂಡತಿ ಊಟವಾದ ಮೇಲೆ ನಾಲ್ಕು ಗಂಟೆ ನಿದ್ದೆ ಮಾಡಿದಳು. ವಿದ್ಯುತ್ ಬಂದದ್ದು ಶನಿವಾರ ಮಧ್ಯಾಹ್ನ. ಒಟ್ಟು ಮೂವತ್ತೆಂಟು ಗಂಟೆಗಳ ತರುವಾಯ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ಮಗಳ ಮನೆಗೆ ವಾರಕ್ಕೆ ಎರಡು ದಿನ ಕೆಲಸಕ್ಕೆ ಬರುತ್ತಿದ್ದ ಹೆಂಗಸು, ಒಳಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸ ತನ್ನ ಮೊಬೈಲನ್ನು ಚಾರ್ಜಿಗೆ ಹಾಕುವುದು. ಹೋಗುವಾಗ ಕೊನೆಯ ಕೆಲಸ ಅದನ್ನು ತೆಗೆದುಕೊಳ್ಳುವುದು. ಕಾರಣ ಕೇಳಿದೆ. ಆಕೆಯ ಬಡಾವಣೆಯಲ್ಲಿ ಅನಧಿಕೃತ ಸಂಪರ್ಕಗಳು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಸುಡುವ ಭಯವಿರುವುದರಿಂದ, ದೇಶದಲ್ಲಿ ಹಂತ ಸೊನ್ನೆಯಿದ್ದ ದಿನವೂ ಬೆಳಿಗ್ಗೆ ಸಂಜೆ ವಿದ್ಯುತ್ ನಿಲ್ಲಿಸುತ್ತಾರಂತೆ. ಆಕೆ ಮುಂಗಡ ಹಣ ಕೊಟ್ಟು, ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಮೀಟರಿಗೆ ಒತ್ತಿ, ಲೆಕ್ಕಕ್ಕೆ ಸರಿಯಾಗಿ ವಿದ್ಯುತ್ ಕೊಳ್ಳುವವಳು. ಕೊಡದವರ ಜೊತೆ ಆಕೆಗೂ ಕತ್ತಲೆ. ಆ ವರ್ಷದ ಚಳಿಗಾಲಕ್ಕೆ ಮುಂಚೆ ಸುಟ್ಟ ಟ್ರಾನ್ಸ್‌ಫಾರ್ಮರೊಂದು ಬದಲಾಗಲು ಐದು ವಾರ ಹಿಡಿಯಿತಂತೆ. ಆಕೆ ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ಸು ತಡವಾಯಿತೆಂದು ಹೇಳುವ ದನಿಯಲ್ಲಿ ಹೇಳಿದಳು. ನಮ್ಮ ಮೂವತ್ತೆಂಟು ಗಂಟೆಗಳ ಕಥೆಯನ್ನು ಆಕೆಯ ಮುಂದೆ ಹೇಳಲು ನನಗೆ ನಾಲಗೆ ಬರಲಿಲ್ಲ.

ಅಂದಿನಿಂದ ನನಗೆ ಅನ್ನಿಸುವುದಿಷ್ಟು. ಮನುಷ್ಯನನ್ನು ಹೆದರಿಸುವುದು ಕತ್ತಲೆಯಲ್ಲ, ಅದು ಯಾವಾಗ ಮುಗಿಯುತ್ತದೆಂದು ತಿಳಿಯದಿರುವುದು. ವೇಳಾಪಟ್ಟಿಯನ್ನು ನಿಷ್ಠೆಯಿಂದ ಪಾಲಿಸುವ ಆಡಳಿತ ವಿದ್ಯುತ್ ಕೊಡಲಾಗದಿದ್ದರೂ ಮರ್ಯಾದೆಯನ್ನು ಕೊಡುತ್ತದೆ. ಬಡವರಿಗೆ ಮೊದಲು ಕೈತಪ್ಪುವುದು ಈ ಮರ್ಯಾದೆ. ಪಟ್ಟಿ ಕೈಕೊಟ್ಟಾಗ ಉಳಿಯುವುದು, ಗೋಡೆಯಾಚೆಯಿಂದ ಕೇಳಿಬರುವ ಒಂದು ಪ್ರಶ್ನೆ.

ಹೊರದೇಶಗಳಲ್ಲಿ ನೆಲೆಸಿರುವ ನನ್ನ ಶಿಷ್ಯರು ತಂದೆತಾಯಿಯರನ್ನು ಕರೆಸಿಕೊಳ್ಳುವಾಗ ಕೆಲವು ಸಂಗತಿಗಳನ್ನು ಮರೆಯದಿರಲಿ. ಗೇಟನ್ನು ಕೈಯಿಂದ ತೆರೆಯುವುದನ್ನು ಬಂದ ದಿನವೇ ಅವರಿಗೆ ತೋರಿಸಿ. ಕಡಿತವಾದೊಡನೆ ಗೀಸರು, ಹೀಟರುಗಳ ಸ್ವಿಚ್ಚನ್ನು ಆರಿಸಿ, ವಿದ್ಯುತ್ ಮರಳಿ ಸ್ವಲ್ಪ ಹೊತ್ತಾದ ಮೇಲೆ ಹಾಕಲು ಹೇಳಿ. ಇದರಿಂದ ಇಡೀ ಬೀದಿಗೆ ಉಪಕಾರ. ಔಷಧಿಯ ಚೀಟಿಯ ಪ್ರತಿಯೊಂದು ಕಾಗದದ ಮೇಲಿರಲಿ, ಮೊಬೈಲಿನೊಳಗೆ ಮಾತ್ರ ಬೇಡ. ಮುಖ್ಯವಾದ ನಾಲ್ಕು ದೂರವಾಣಿ ಸಂಖ್ಯೆಗಳೂ ಕಾಗದದ ಮೇಲಿರಲಿ. ಎಲ್ಲಕ್ಕಿಂತ ಮೊದಲು, ಅಕ್ಕಪಕ್ಕದ ಎರಡು ಮನೆಯವರಿಗೆ ಅವರನ್ನು ಪರಿಚಯಿಸಿ.

2024ರ ಮಾರ್ಚ್ 26ರಿಂದ ಸುಮಾರು ಹತ್ತು ತಿಂಗಳ ಕಾಲ ಆ ದೇಶದಲ್ಲಿ ಲೋಡ್ ಶೆಡ್ಡಿಂಗ್ ಇರಲಿಲ್ಲ. ಸ್ಥಾವರಗಳ ದುರಸ್ತಿಯೂ ಮನೆಗಳ ಮೇಲೇರಿದ ಸೌರಫಲಕಗಳೂ ಅದಕ್ಕೆ ನೆರವಾದವು. 2025ರ ಜನವರಿ ಕೊನೆಯಲ್ಲಿ ಮತ್ತೆ ಕಾಣಿಸಿಕೊಂಡು, ಆ ವರ್ಷ ಕೆಲವು ದಿನಗಳಷ್ಟೇ ಕಾಡಿತು. ಮಗಳು ದೂರವಾಣಿಯಲ್ಲಿ ಹೇಳಿದಳು: ಪಕ್ಕದ ಮನೆಯ ವೃದ್ಧೆಗೆ ಈಗ ಮಂಡಿನೋವಿನಿಂದ ಓಡಾಟ ಕಷ್ಟವಾದ್ದರಿಂದ, ದೀಪ ಹೋಗಿ ಬಹಳ ಹೊತ್ತು ಬಾರದಿದ್ದರೆ ಬೀದಿಯ ಮನೆಮನೆಗೆ ಹೋಗಿ ಔಷಧಿಯ ವಿಚಾರ ಕೇಳಿಬರುವವಳು ನಮ್ಮ ಮೊಮ್ಮಗಳಂತೆ.