ಒಂದೇ ಮಾತಿನ ಪಾತ್ರ

ಸಂಘದ ನಾಟಕಗಳಲ್ಲಿ ಬಣ್ಣ ಹಚ್ಚಿದ ಧೈರ್ಯದ ಮೇಲೆ 1988ರಲ್ಲಿ ಗೋರೆಗಾಂವದ ಫಿಲ್ಮ್ ಸಿಟಿಗೆ ಹೋಗಿದ್ದೆ. ಹಿಂದಿ ಧಾರಾವಾಹಿಯೊಂದರಲ್ಲಿ ಅಂಚೆಯವನ ಪಾತ್ರ, ಒಂದೇ ಮಾತು. ಬೆಳಿಗ್ಗೆ ಏಳಕ್ಕೇ ಕರೆದಿದ್ದರು. ಕ್ಯಾಮೆರಾ ಜಾಗ ಬದಲಿಸಿದಾಗಲೆಲ್ಲ ದೀಪಗಳನ್ನೂ ಹೊಸದಾಗಿ ಹೊಂದಿಸಬೇಕು ಎಂಬುದು ಅಲ್ಲಿ ಹೋದ ಮೇಲೆ ತಿಳಿಯಿತು. ಮೂರು ಗಂಟೆಯಾದರೂ ನನ್ನ ಸರದಿಯಿಲ್ಲ. ಆರು ಕಪ್ ಚಹಾ ಕುಡಿದೆ, ಸಿಕ್ಕಸಿಕ್ಕವರೊಡನೆ ಹರಟಿದೆ.

ತಂದೆಯ ಪಾತ್ರದವರು ಮರಾಠಿ ರಂಗಭೂಮಿಯ ಹಿರಿಯರು. ಊಟದ ನಂತರ ಕುರ್ಚಿಯಲ್ಲೇ ಸಣ್ಣ ನಿದ್ದೆ ತೆಗೆದರು. ಎದ್ದವರು ಮೂಲೆಯಲ್ಲಿ ಕೂತು, ಭಾವ ಬೆರೆಸದೆ ಮಾತುಗಳನ್ನು ಗುನುಗುತ್ತ, ಪಾತ್ರಕ್ಕೆಂದು ಕೊಟ್ಟ ಕನ್ನಡಕವನ್ನು ತೆಗೆಯುವುದು, ಒರೆಸುವುದು, ಹಾಕುವುದು—ಇದೇ ಕೆಲಸ. ಕೇಳಿದೆ. “ಇದಿನ್ನೂ ಅಂಗಡಿಯ ಕನ್ನಡಕ, ನನ್ನದಾಗಬೇಕಲ್ಲ” ಎಂದು ನಕ್ಕರು.

ನಾಲ್ಕಕ್ಕೆ ಕರೆ ಬಂತು. ಕಾಗದ ತೆಗೆಯಹೋದರೆ ನನ್ನ ಚೀಲದ ಬಕ್ಕಲ್ ಬಿಚ್ಚಲೊಲ್ಲದು! ಬೆಳಗಿನಿಂದ ತೊಡೆಯ ಮೇಲೇ ಇದ್ದ ಚೀಲ. ಒಮ್ಮೆಯೂ ತೆರೆದು ನೋಡಿರಲಿಲ್ಲ. ಆ ಪರದಾಟದಲ್ಲಿ ಮಾತೂ ಮರೆಯಿತು. ಮೂರು ಟೇಕ್ ಹಾಳಾದವು. ನಾಲ್ಕನೆಯದರಲ್ಲೂ ಅವರು ಅಷ್ಟೇ ನಿಧಾನವಾಗಿ, ಕಾಗದ ಒಡೆಯುವ ಮೊದಲು ಕನ್ನಡಕ ಒರೆಸಿದರು. ಸುದ್ದಿ ಕೆಟ್ಟದ್ದೆಂದು ಆಗಲೇ ಗೊತ್ತಾಗಿಬಿಟ್ಟವರಂತೆ.

ಧಾರಾವಾಹಿ ಬಂದ ದಿನ ಮಕ್ಕಳು ಟಿ.ವಿ. ಮುಂದೆ ನನ್ನನ್ನು ಹುಡುಕಿದವು. ಕಂಡದ್ದು ಚೀಲ, ಒಂದು ಕೈ. ಆಮೇಲೆಲ್ಲ ಅವರ ಕನ್ನಡಕವೇ.