ಬರೀ ತಟ್ಟೆ

ಪಕ್ಕದ ಮನೆಯಿಂದ ತಿಂಡಿ ತುಂಬಿಕೊಂಡು ಬಂದ ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕಳಿಸಬಾರದು ಎಂಬುದು ನಮ್ಮ ಕಡೆ ಯಾರೂ ಬರೆದಿಡದ ಕಾನೂನು. ಮನೆಯಲ್ಲಿ ಮಾಡಿದ್ದು ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆ. ಅದಕ್ಕೂ ಗತಿಯಿಲ್ಲದಿದ್ದರೆ ಎರಡು ವೀಳ್ಯದೆಲೆ, ಕರಿಬೇವಿನ ಒಂದು ಎಸಳು. ಚಿಂತಾಮಣಿಯ ನಮ್ಮ ಬೀದಿಯಲ್ಲಿ ಯುಗಾದಿಯ ಒಬ್ಬಟ್ಟು, ರಂಜಾನಿನ ಶಾವಿಗೆ ಪಾಯಸ, ಕ್ರಿಸ್‌ಮಸ್ಸಿನ ಕೇಕು ಎಲ್ಲವೂ ಈ ಕಾನೂನಿನಡಿಯಲ್ಲೇ ಓಡಾಡುತ್ತಿದ್ದವು. ಬೇರೆಯವರ ತಟ್ಟೆ ಹೊಸಿಲು ದಾಟದ ಮನೆಗಳೂ ಇದ್ದವು. ಅಲ್ಲಿಗೆ ಬಾಳೆಹಣ್ಣು ಮಾತ್ರ ಹೋಗುತ್ತಿತ್ತು. ಅದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಮ್ಮ ಬೀದಿ ಇದ್ದದ್ದಕ್ಕಿಂತ ಚೆಂದ ಕಂಡೀತು.

ತಟ್ಟೆಗಳು ಅದಲುಬದಲಾಗದಂತೆ ಎಲ್ಲರೂ ಅಂಚಿನಲ್ಲಿ ಹೆಸರು ಕೊರೆಸಿರುತ್ತಿದ್ದರು. ಟೀಚರಮ್ಮನ ತಟ್ಟೆಯ ಮೇಲೆ ಹೆಸರಿನ ಜೊತೆಗೆ ಒಂದು ಸಣ್ಣ ಶಿಲುಬೆಯೂ ಇತ್ತು. ಅವರು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯವರು, ಪ್ರೈಮರಿ ಶಾಲೆಯಲ್ಲಿ ಮೇಡಂ. ಡಿಸೆಂಬರ್ 25ರ ಮಧ್ಯಾಹ್ನ ಅವರ ತಟ್ಟೆ ಬರುತ್ತಿತ್ತು: ಎರಡು ತುಂಡು ಕೇಕು, ನಾಲ್ಕು ಕಜ್ಜಾಯ, ಚಕ್ಕುಲಿ, ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ತಿಂಡಿ. ಅದು ಸೊಗಡು ಅವರೆಕಾಯಿಯ ಕಾಲ. ಅಮ್ಮ ಹಿತಕಿದ ಬೇಳೆ ಸಾರು ಮಾಡಿ, ಸಾರು ತಟ್ಟೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ತಟ್ಟೆಯ ಮೇಲೆ ಒಂದು ಡಬರಿ ಇಟ್ಟು ಕಳಿಸುತ್ತಿದ್ದಳು. ಡಬರಿ ನಮ್ಮದು. ಅದು ವಾಪಸ್ ಬರುವಾಗ ಬರಿದಾಗಿ ಬರುವಂತಿಲ್ಲ. ಹೀಗೆ ಕ್ರಿಸ್‌ಮಸ್ಸಿನ ಬಾಕಿ ಸಂಕ್ರಾಂತಿಯ ಎಳ್ಳುಬೆಲ್ಲದವರೆಗೂ ಎಳೆದುಕೊಂಡು ಹೋಗುತ್ತಿತ್ತು.

ಟೀಚರಮ್ಮನಿಗೆ ಇದರಲ್ಲಿ ಒಂದು ಸಣ್ಣ ತಕರಾರಿತ್ತು. "ಅಕ್ಕಾ, ನೀವು ಹಾಕೋ ಸಕ್ಕರೆ ಲೂಕನಿಗೆ ಒಪ್ಪಲ್ಲ" ಎಂದು ನಗುತ್ತಿದ್ದರು. ಲೂಕನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಊಟಕ್ಕೆ ಕರೆದ ಮನೆಯವನಿಗೇ ಒಂದು ಬುದ್ಧಿ ಹೇಳುತ್ತಾನೆ: ಔತಣಕ್ಕೆ ಸ್ನೇಹಿತರನ್ನು, ನೆಂಟರನ್ನು, ಸ್ಥಿತಿವಂತರಾದ ನೆರೆಯವರನ್ನು ಕರೆಯಬೇಡ, ಅವರು ನಿನ್ನನ್ನು ತಿರುಗಿ ಕರೆದು ಮುಯ್ಯಿ ತೀರಿಸಿಬಿಡುತ್ತಾರೆ, ತೀರಿಸಲಾಗದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ ಎಂಬುದು ಅದರ ಸಾರ. ಊಟಕ್ಕೆ ಕೂತವನು ಕರೆದವನಿಗೇ ಹೀಗೆ ಹೇಳಬೇಕಾದರೆ ಎದೆಗಾರಿಕೆ ಬೇಕು. ಅಮ್ಮ ಕೇಳಿಸಿಕೊಂಡು, "ಲೂಕನ ಮನೇಲಿ ಹೆಂಗಸ್ರು ಇರಲಿಲ್ವಾ?" ಎಂದಳು.

ಈ ಜಗಳವನ್ನು ಆಗ ನಾನು ತಮಾಷೆ ಎಂದುಕೊಂಡಿದ್ದೆ. ಈಗ ನೋಡಿದರೆ ಕ್ರೈಸ್ತರ ಪ್ರೀತಿಯ ಚರಿತ್ರೆಯಲ್ಲಿ ಅರ್ಧ ಈ ಜಗಳವೇ. ಮೊದಲು ಒಂದು ವಿಷಯ: ಆ ಪ್ರೀತಿ ಕ್ರಿಸ್‌ಮಸ್ಸಿಗಿಂತ ಹಳೆಯದು. ಡಿಸೆಂಬರ್ 25ನ್ನು ಯೇಸುವಿನ ಹುಟ್ಟಿದ ದಿನವೆಂದು ಗುರುತಿಸಿದ ಹಳೆಯ ದಾಖಲೆ ಸಿಗುವುದು ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ. ಅದಕ್ಕೂ ಮೊದಲಿನ ಸುಮಾರು ಮುನ್ನೂರು ವರ್ಷ ಕೇಕೂ ಇಲ್ಲ, ನಕ್ಷತ್ರದ ಗೂಡುದೀಪವೂ ಇಲ್ಲ. ಇದ್ದದ್ದು ಒಟ್ಟಿಗೆ ಕೂತು ಉಣ್ಣುವ ಪ್ರೀತಿಭೋಜನ.

ಅದಾದರೂ ಸರಾಗವಾಗಿ ನಡೆಯುತ್ತಿತ್ತೇ? ಗ್ರೀಸಿನ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಾವು ತಂದದ್ದನ್ನು ತಾವೇ ಉಂಡು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಅಪೊಸ್ತಲ ಪೌಲ ಅವರಿಗೆ ಬರೆದ ಪತ್ರದಲ್ಲಿ ಚೆನ್ನಾಗಿ ಗದರಿಸುತ್ತಾನೆ. ಪ್ರೀತಿಯ ತಾಳ್ಮೆ, ದಯೆಗಳನ್ನು ಕೊಂಡಾಡುವ ಹದಿಮೂರನೇ ಅಧ್ಯಾಯವನ್ನು ಇಂದು ಮದುವೆಗಳಲ್ಲಿ ಓದುತ್ತಾರೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅದು ಇರುವುದು ಊಟದ ಪಂಕ್ತಿಯಲ್ಲಿ ಕಿತ್ತಾಡಿಕೊಂಡವರಿಗೆ ಬರೆದ ಅದೇ ಪತ್ರದಲ್ಲಿ, ಆ ಗದರಿಕೆಯಾದ ಎರಡು ಅಧ್ಯಾಯಕ್ಕೆ. ವಧೂವರರಿಗೆ ಇದನ್ನು ಮೊದಲೇ ತಿಳಿಸಿದರೆ ಒಳ್ಳೆಯದೆಂದು ನನಗನ್ನಿಸುತ್ತದೆ.

ಇನ್ನೂ ಹಿಂದೆ ಯೆರೂಸಲೇಮಿನ ಸಭೆಯಲ್ಲೂ ರಗಳೆಯಾಗಿತ್ತು. ದಿನದಿನವೂ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ದೂರಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದುವೂ ಸೇರಿ ಆಡುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಬಡಿಸುವ ಕೆಲಸ ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಿದರು. ಅವರಲ್ಲಿ ಮೊದಲ ಹೆಸರು ಸ್ತೆಫನ. ಪಶ್ಚಿಮದ ಸಭೆಗಳಲ್ಲಿ ಅವನ ಸ್ಮರಣೆಯ ದಿನ ಡಿಸೆಂಬರ್ 26. ಅಂದರೆ ಹಬ್ಬದ ಮರುದಿನವೇ, ಎಲ್ಲರಿಗೂ ಸರಿಯಾಗಿ ಬಡಿಸಿದ್ದಾರೆಯೇ ಎಂದು ನೋಡುವವನ ದಿನ. ಅಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೊಟ್ಟೆ ಕೆಟ್ಟು ಜೀರಿಗೆ ಕಷಾಯ ಕುಡಿಯುತ್ತಿದ್ದದ್ದು ಬೇರೆ ಮಾತು.

ಈ ಬಡಿಸುವ ಕೆಲಸದ ಬಗ್ಗೆ ನನಗೆ ತುಂಬಾ ಇಷ್ಟವಾಗುವ ಸಾಕ್ಷಿ ನುಡಿದವನು ಕ್ರೈಸ್ತನಲ್ಲ, ಅವರನ್ನು ಕಂಡರಾಗದ ರೋಮ್ ಚಕ್ರವರ್ತಿ ಜೂಲಿಯನ್. 362ರಲ್ಲಿ ಅವನು ಗಲಾತ್ಯದ ತನ್ನ ಪ್ರಧಾನ ಅರ್ಚಕನಿಗೆ ಕಾಗದ ಬರೆದು ಹೊಟ್ಟೆಕಿಚ್ಚು ತೋಡಿಕೊಳ್ಳುತ್ತಾನೆ: ಈ ಜನ ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಯಾಗಬೇಡವೇ ಎಂದು. ಊರೂರಲ್ಲೂ ಛತ್ರ ತೆರೆಯಿರಿ ಎಂದು ಅಪ್ಪಣೆ ಮಾಡಿ ವರ್ಷಕ್ಕೆ 30,000 ಅಳತೆ ಧಾನ್ಯವನ್ನೂ ಮಂಜೂರು ಮಾಡುತ್ತಾನೆ. ದ್ವೇಷದಿಂದಲಾದರೂ ಸರಿ, ಹಸಿದವರಿಗೆ ಕಾಳು ಸಿಕ್ಕಿತಲ್ಲ.

ನಮ್ಮ ಸೀಮೆಗೆ ಬರೋಣ. ಚಿಂತಾಮಣಿ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಕೋಲಾರದ ಕಥೆ ನಮ್ಮದೂ ಹೌದು. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಮೈಸೂರು ಸೀಮೆ ಅರೆಜೀವವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಆ ಬರದ ತಬ್ಬಲಿ ಮಕ್ಕಳನ್ನು ಕೋಲಾರದಲ್ಲಿ ಒಟ್ಟುಗೂಡಿಸಿ ಸಾಕಿದವಳು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು. 1890ರಲ್ಲಿ ಆ ಅನಾಥಾಲಯವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿದಳು. ಮಕ್ಕಳು ಅನ್ನ ಹಾಕಿದವರ ದೇವರನ್ನೇ ಹಿಡಿದು ಬೆಳೆದರು. ಇಲ್ಲಿ ಅಮ್ಮನ ಕಾನೂನು ಬಂದು ಅಡ್ಡ ನಿಲ್ಲುತ್ತದೆ: ಆ ತಟ್ಟೆಯೂ ತುಂಬಿಕೊಂಡೇ ವಾಪಸ್ ಬರಲಿ ಎಂಬ ನಿರೀಕ್ಷೆ ಇತ್ತೇ? ಇತ್ತು, ಮಿಷನರಿಗಳು ಅದನ್ನು ಮುಚ್ಚಿಟ್ಟವರೂ ಅಲ್ಲ. ಈ ಪ್ರಶ್ನೆ ಕೇಳುವವರ ಬಾಯಿ ನಾನು ಮುಚ್ಚಿಸಲಾರೆ. ಆದರೆ ಕೇಳುವವರ ಪೂರ್ವಿಕರು ಆ ಎರಡು ವರ್ಷ ಎಲ್ಲಿದ್ದರು ಎಂಬುದನ್ನೂ ಜೊತೆಗೇ ಕೇಳಬೇಕಾಗುತ್ತದೆ.

ನಮ್ಮ ಮನೆಗೆ ಇನ್ನೂ ಹತ್ತಿರದ್ದು ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ. ಕಳೆದ ಶತಮಾನದ ಎರಡನೇ ದಶಕದಲ್ಲಿ ಲಂಡನ್ ಮಿಷನರಿ ಸೊಸೈಟಿಯವರು ತೆರೆದದ್ದು. ಆ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನ್ನರ ಹೆಸರಿಟ್ಟರು. ಕಡಪ ಸೀಮೆಯ ಜಮ್ಮಲಮಡುಗಿನಲ್ಲಿ ಕೆಲಸ ಮಾಡಿದ್ದ ಡಾ. ಕ್ಯಾಂಪ್‌ಬೆಲ್ ಅಲ್ಲಿಂದ ಬಂದು ಇದನ್ನು ಕಟ್ಟಿದರು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯಾಯಿತು. ಹಳಬರ ಬಾಯಲ್ಲಿ ಮಾತ್ರ ಮಿಷನ್ ಆಸ್ಪತ್ರೆಯೇ.

ಅಪ್ಪನನ್ನು ಒಮ್ಮೆ ಅಲ್ಲಿ ಮಲಗಿಸಿದ್ದೆವು. ಮಾರ್ಚ್ ತಿಂಗಳು, ಯಾವ ಹಬ್ಬದ ಸೂಚನೆಯೂ ಇಲ್ಲದ ಬಿಸಿಲು. ರಾತ್ರಿ ಪಾಳಿಯ ನರ್ಸಮ್ಮ ಒಬ್ಬರು ಅಪ್ಪನ ಕಾಲುಚೀಲ ಬಿಚ್ಚಿ, ಬಿಸಿನೀರಲ್ಲಿ ಪಾದ ಒರೆಸಿ, ಏನೂ ಮಾತಾಡದೆ ಪಕ್ಕದ ಮಂಚಕ್ಕೆ ಹೋಗುತ್ತಿದ್ದರು. ಆ ಮಂಚದಲ್ಲಿದ್ದವನು ಯಾರೂ ನೋಡಲು ಬಾರದ ಮೂಟೆ ಹೊರುವವನು. ಅವನ ಪಾದಕ್ಕೂ ಅದೇ ಬಿಸಿನೀರು, ಅಷ್ಟೇ ಹೊತ್ತು. ಯೇಸು ತನ್ನ ಶಿಷ್ಯರ ಪಾದ ತೊಳೆದದ್ದು ಅವನ ಕಥೆಯಲ್ಲಿ ಎಷ್ಟು ದೊಡ್ಡ ಮಾತೆಂದು ನನಗಾಗ ಗೊತ್ತಿರಲಿಲ್ಲ. ಆಕೆಗೆ ಅದು ಪಾಳಿಯ ಕೆಲಸ, ಸಂಬಳದ ಕೆಲಸ. ಕ್ರೈಸ್ತರು ಪ್ರೀತಿ ಎನ್ನುವಾಗ ಉಕ್ಕಿ ಬರುವ ಭಾವಕ್ಕಿಂತ ಈ ಪಾಳಿಯೇ ಹೆಚ್ಚು ಎಂದು ನಾನು ನಂಬಿದ್ದು ಅಲ್ಲಿಂದ. ಉಕ್ಕಿದ್ದು ಇಳಿಯುತ್ತದೆ, ಪಾಳಿ ಮತ್ತೆ ರಾತ್ರಿ ಎಂಟಕ್ಕೆ ಬರುತ್ತದೆ.

ಅಪ್ಪ ಮನೆಗೆ ಬಂದ ಮೇಲೆ ಅಮ್ಮ ಸುಮ್ಮನಿರುತ್ತಾಳೆಯೇ? ಒಂದು ವೈರ್ ಬ್ಯಾಗಿನ ತುಂಬ ನಿಪ್ಪಟ್ಟು, ರವೆ ಉಂಡೆ ಮಾಡಿಕೊಂಡು ಶಿಡ್ಲಘಟ್ಟದ ಮೇಲೆ ಬಸ್ಸಿನಲ್ಲಿ ಹೋದಳು, ಜೊತೆಗೆ ನಾನು. ರೇಷ್ಮೆಗೂಡಿನ ಮೂಟೆಗಳ ಪಕ್ಕ ಕೂತು, ಆ ವಾಸನೆ ಉಂಡೆಗೆ ಹತ್ತದಂತೆ ಬ್ಯಾಗನ್ನು ಸೆರಗಿನಲ್ಲಿ ಮುಚ್ಚಿಕೊಂಡು. ನರ್ಸಮ್ಮ ಬೇಡವೆನ್ನಲಿಲ್ಲ. ಒಂದು ಉಂಡೆ ತಿಂದರು, ಉಳಿದದ್ದನ್ನು ನಮ್ಮ ಕಣ್ಣೆದುರೇ ಮಂಚದಿಂದ ಮಂಚಕ್ಕೆ ಹಂಚಿ, ಬ್ಯಾಗು ಮಡಿಸಿ ಅಮ್ಮನ ಕೈಗಿಟ್ಟರು. ಬರೀ ಬ್ಯಾಗು! ವಾಪಸ್ ಬರುವಾಗ ಅಮ್ಮ ಶಿಡ್ಲಘಟ್ಟದವರೆಗೂ ಮಾತಾಡಲಿಲ್ಲ. ಆಮೇಲೆ, "ನಮ್ಮ ಋಣ ಹಂಗೇ ಉಳೀತಲ್ಲೋ" ಎಂದಳು.

ಆ ಮಾತನ್ನು ಟೀಚರಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರಿಗೆ ಭಾರೀ ಖುಷಿ, ಲೂಕನೇ ಗೆದ್ದನೆಂದು. ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಕೊಡುವವನು ಲೆಕ್ಕ ಇಡದಿರುವುದು ದೊಡ್ಡದು, ನಿಜ. ಪಡೆಯುವವನ ಕೈಗೂ ಒಂದು ಹಿಡಿ ಸಕ್ಕರೆ ಹಾಕುವ ಅವಕಾಶ ಬೇಡವೇ? ಕೊಟ್ಟವರ ಮುಂದೆ ಸದಾ ಬರಿಗೈಲಿ ನಿಲ್ಲುವವನ ಕಷ್ಟವನ್ನು ಕೊಟ್ಟವರು ಬಲ್ಲರೋ ಇಲ್ಲವೋ.

ಆ ವರ್ಷದ ಆಷಾಢದಲ್ಲಿ, ಹಬ್ಬವೂ ಇಲ್ಲ ಹರಿದಿನವೂ ಇಲ್ಲ, ಟೀಚರಮ್ಮನ ತಟ್ಟೆ ಬಂತು. ಮೇಲೆ ನುಗ್ಗೆಸೊಪ್ಪಿನ ರೊಟ್ಟಿ. "ಸುಮ್ನೆ ಕಳ್ಸಿದೀನಿ, ಏನೂ ಹಾಕ್ಬಾರ್ದು" ಎಂದು ತಂದುಕೊಟ್ಟ ಹುಡುಗನ ಬಾಯಲ್ಲೇ ಹೇಳಿಸಿದ್ದರು. ಅಮ್ಮ ಎರಡು ದಿನ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಒದ್ದಾಡಿದಳು. ಕೊನೆಗೆ ಕಡಲೆಕಾಯಿ ಬೇಯಿಸಿ, ದಿನಾ ಸೊಪ್ಪು ಮಾರಲು ಬರುತ್ತಿದ್ದ ಮುದುಕಿಯ ಮಡಿಲಿಗೆ ಹಾಕಿ, ತಟ್ಟೆಯನ್ನು ಬೂದಿ ಹಚ್ಚಿ ಫಳಫಳ ತೊಳೆದು ಬರಿದಾಗಿಯೇ ಕಳಿಸಿದಳು.

ಕಾಲು ಗಂಟೆಯೂ ಆಗಿರಲಿಲ್ಲ. ಟೀಚರಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾ, ಬರೀ ತಟ್ಟೆ ಬಂತು. ನನ್ನ ಮೇಲೆ ಏನಾದ್ರೂ ಬೇಜಾರಾ?"