ಹೆರಾಲ್ಡಿನ ಪಠ್ಯಪುಸ್ತಕ

ನಮ್ಮ ಕುಮಟೆಯ ಮನೆಯ ಕೊಟ್ಟಿಗೆಯಲ್ಲಿ ದನವಿಲ್ಲ, ಕಾರಿದೆ. ಅದೂ ಇಡಿಯಾಗಿ ಅಲ್ಲ. ಮಾವನವರು 1970ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡನ್ನು ನಮ್ಮ ಯಜಮಾನರು ರಿಪೇರಿಗೆಂದು ಬಿಚ್ಚಿ, ನಟ್ಟು ಬೋಲ್ಟುಗಳನ್ನು ಹಾರ್ಲಿಕ್ಸ್ ಬಾಟಲಿಗಳಲ್ಲಿ ತುಂಬಿಟ್ಟಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಯಾವ ಬಾಟಲಿ ಎಲ್ಲಿಯದೆಂಬುದು ಅವರ ತಲೆಯಲ್ಲಷ್ಟೇ ಇತ್ತು. ನೋಟ್‌ಬುಕ್ಕಿಗೆ ಲೇಬಲ್ ಇಲ್ಲದಿದ್ದರೆ ಮಕ್ಕಳನ್ನು ಗದರುವ ನಾನು, ಮನೆಯಲ್ಲೇ ಇದನ್ನು ಗಮನಿಸಿರಲಿಲ್ಲ!

ಗುಜರಿಯವನು ಎರಡು ಸಲ ಬಂದು ಹೋದ. ಮೂರನೆಯ ಸಲ ಬರುವುದರೊಳಗೆ ಹೊನ್ನಾವರದಿಂದ ಮೇಸ್ತ್ರಿಯನ್ನು ಕರೆಸಿದೆ. ಭಟ್ಕಳದ ಹಿರಿಯರು, ಹುಡುಗರಾಗಿದ್ದಾಗ ಹೆರಾಲ್ಡಿನ ಮೇಲೆ ಕೈ ಪಳಗಿಸಿದವರು. ಎಲ್ಲ ನೋಡಿ, "ಕೂಡ್ಸುದು ನನ್ನ ಕೆಲ್ಸ ಅಕ್ಕೋರೆ. ಪುಸ್ತಕ ತರಿಸಿ ಓದಿ ಹೇಳುದು ನಿಮ್ದು" ಎಂದರು.

ಪುಸ್ತಕ ಆರಿಸುವುದು ನನಗೇನು ಹೊಸತೇ ಎಂದುಕೊಂಡೆ. ಬೆಂಗಳೂರಿನಲ್ಲಿರುವ ಮಗ, ಸುಲಭವಾಗಿ ಸಿಗುತ್ತದೆಂದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ಪುಸ್ತಕ ಕಳಿಸಿದ. 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಅದು ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ ಕಟ್ಟಿದ್ದು; ನಮ್ಮ ಕಾರಿನ ಶೋಕಿ ತಮ್ಮನೆನ್ನಿ. ಮುಂದಿನ ಸಸ್ಪೆನ್ಷನ್ನಿನ ಪುಟಗಳು ಕೆಲಸಕ್ಕೆ ಬಂದವು. ಎಂಜಿನ್ನಿಗೆ ಬಂದಾಗ ಮೇಸ್ತ್ರಿ ತಲೆಯಾಡಿಸಿದರು. ಅದರದು 1147 ಸಿ.ಸಿ., ನಮ್ಮದು 948. ಇಂಗ್ಲೆಂಡಿನ ಹೆರಾಲ್ಡೂ ಬರಬರುತ್ತ ದೊಡ್ಡ ಎಂಜಿನ್ ಪಡೆಯಿತು. ಮದರಾಸಿನಲ್ಲಿ ತಯಾರಾದದ್ದು ಮಾತ್ರ 948ರಲ್ಲೇ ನಿಂತಿತು. ಅಲ್ಲಿಯ ಸಲೂನಿಗೆ ಎರಡು ಬಾಗಿಲು, ನಮ್ಮದಕ್ಕೆ ನಾಲ್ಕು. ಹೀಗಾಗಿ ರಕ್ಷಾಪುಟದ ಚಿತ್ರ ನಂಬುವಂತಿಲ್ಲ, ಒಳಗೆ 948 ಇದೆಯೇ ಎಂದೇ ಮೊದಲು ನೋಡಬೇಕು.

ಆಮೇಲೆ ತಿಳಿಯಿತು, ಇಲ್ಲಿಯೂ ಪಠ್ಯಪುಸ್ತಕ ಬೇರೆ, ಗೈಡು ಬೇರೆ. ಕಾರ್ಖಾನೆಯ ವರ್ಕ್‌ಶಾಪ್ ಮ್ಯಾನುಯಲ್ ಬಲ್ಲವರಿಗಾಗಿ ಬರೆದದ್ದು. ಹೇನ್ಸ್ ಪುಸ್ತಕ ಮನೆಯಲ್ಲಿ ರಿಪೇರಿ ಮಾಡುವವರಿಗೆ. ಕಾರನ್ನು ನಿಜವಾಗಿ ಬಿಚ್ಚಿ ಫೋಟೋ ತೆಗೆದು ಹೇಳಿಕೊಡುತ್ತದೆ. ಆದರೆ ಜೋಡಿಸುವ ಮಾತು ಬಂದಾಗ, ಬಿಚ್ಚಿದ ಕ್ರಮವನ್ನೇ ತಿರುವುಮುರುವು ಮಾಡಿ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತದೆ. ಬಿಚ್ಚಿದವರೇ ಇಲ್ಲವಲ್ಲ! ನಮ್ಮ ಕೈಹಿಡಿದದ್ದು ಯಾರೂ ಓದಲಾರದಂಥ ಬಿಡಿಭಾಗಗಳ ಕ್ಯಾಟಲಾಗು. ವಾಕ್ಯಗಳೇ ಇಲ್ಲ, ಬರೀ ಚಿತ್ರ ಮತ್ತು ನಂಬರು. ಹಿಂದೆ ಅಡ್ಡಲಾಗಿ ಕೂರುವ ಪ್ಲೇಟ್ ಸ್ಪ್ರಿಂಗು, ಅದರ ಬೋಲ್ಟು, ವಾಷರು, ಎಲ್ಲ ಕೂರಬೇಕಾದ ಕ್ರಮದಲ್ಲಿ ಸಾಲಾಗಿ ಬಿಡಿಸಿಟ್ಟಿವೆ.

ಭಾನುವಾರಗಳಲ್ಲಿ ನಾನು ನಂಬರು ಓದುತ್ತೇನೆ, ಮೇಸ್ತ್ರಿ ಬಾಟಲಿ ಸುರಿಯುತ್ತಾರೆ. ಐದು ಬಾಟಲಿಗೆ ಲೇಬಲ್ ಬಿತ್ತು. ಆರನೆಯದರ ಸ್ಕ್ರೂಗಳು ಯಾವ ಪುಟದಲ್ಲೂ ಸಿಗಲಿಲ್ಲ. ಒಂದನ್ನು ಬೆಳಕಿಗೆ ಹಿಡಿದು ಮೇಸ್ತ್ರಿ ಹೇಳಿದರು: "ಇದು ಕಾರಿಂದಲ್ಲ ಅಕ್ಕೋರೆ. ನಿಮ್ಮ ಹೊಲಿಗೆ ಮಷೀನಿಂದು."